ಕೆಎ 07, ಕೆಎ 08

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿ ಹತ್ತಿರ ನಿಂತರೆ ಮೂರು ರಾಜ್ಯಗಳ ನಂಬರ್ ಪ್ಲೇಟ್ ಕಣ್ಣಿಗೆ ಬೀಳುತ್ತವೆ. ಕೆಎ 07 ಅಂದರೆ ನಮ್ಮ ಕೋಲಾರ. ಮುಳಬಾಗಿಲಿನ ಆಚೆಯಿಂದ ಬಂದ ಹಳೇ ಲಾರಿಗಳ ಮೇಲೆ ಎಪಿ 03, ಅದು ಚಿತ್ತೂರು. ಮಾಲೂರಿನಿಂದ ಸ್ವಲ್ಪ ದೂರ ಹೋದರೆ ಹೊಸೂರಿನ ಟಿಎನ್ 70. ಆಂಧ್ರದವರು 2019ರಲ್ಲಿ ಇಡೀ ರಾಜ್ಯಕ್ಕೆ ಎಪಿ 39 ಅಂತ ಒಂದೇ ಸಂಖ್ಯೆ ತಂದರು. ಅಲ್ಲಿಂದೀಚೆಗೆ ಗಾಡಿ ಮದನಪಲ್ಲಿಯದೋ ವಿಜಯವಾಡದ್ದೋ ಪ್ಲೇಟ್ ನೋಡಿ ಹೇಳುವ ಹಾಗಿಲ್ಲ. ನನಗೇನೋ ಅದು ನಷ್ಟವೆಂದೇ ಅನ್ನಿಸುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಕೆಜಿಎಫ್‌ನ ಕೆಎ 08. ಕೆಜಿಎಫ್ ಜಿಲ್ಲಾ ಕೇಂದ್ರವಲ್ಲ, ಕೋಲಾರ ಜಿಲ್ಲೆಯೊಳಗಿನ ಊರು. ಆದರೂ ಅದಕ್ಕೆ ತನ್ನದೇ ಸಂಖ್ಯೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಬೆಳಗಾದರೆ ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತುವ ಜನರ ಊರು ಅದು. ಅಲ್ಲಿನ ಹುಡುಗರು ಬೈಕಿನ ಮೇಲೆ 08 ಹಾಕಿಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಾಗುವುದನ್ನು ಕಂಡಾಗಲೆಲ್ಲ ಖುಷಿಯಾಗುತ್ತದೆ. ಬೇರೆ ಊರಲ್ಲಿ ಮನೆ ಮಾಡಿದರೂ, ರಾಜ್ಯದೊಳಗೇ ಇದ್ದರೆ ವಿಳಾಸ ಬದಲಿಸಿದರೆ ಸಾಕು, ನಂಬರ್ ಅದೇ ಇರುತ್ತದೆ.