ಫೋರ್ಟಿನ ಮಳೆಯಲ್ಲಿ ಜೋಗದ ಪಾಠ

ಜುಲೈ ತಿಂಗಳ ಒಂದು ಶನಿವಾರ. ಫ್ಲೋರಾ ಫೌಂಟನ್ ಹತ್ತಿರ ಮಗಳಿಗೆ ಹಳೆಯ ಪುಸ್ತಕ ಕೊಡಿಸಿ ಸ್ಟೇಷನ್ ಕಡೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಡಿ.ಎನ್. ರೋಡಿನ ಕಮಾನುಗಳ ಕೆಳಗೆ ಓಡಿ ನಿಂತೆವು. ಎದುರಿನ ಹಳೇ ಕಟ್ಟಡದಿಂದ ನೀರು ಸುರಿಯುತ್ತಿತ್ತು.

"ಅಪ್ಪಾ, ಇದೂ ಜಲಪಾತಾನೇ ಅಲ್ವಾ?" ಅಂದಳು. ಶಾಲೆಯಲ್ಲಿ ಅದೇ ಪಾಠ ನಡೆಯುತ್ತಿದೆಯಂತೆ. ನಾನು ಸಾಗರ ತಾಲ್ಲೂಕಿನವನು, ಜೋಗದ ಪಕ್ಕದವನು. ಬಿಟ್ಟೇನೆಯೇ?

ಸೂರಿನ ಅಂಚಿನಿಂದ ಗೋಡೆ ಮುಟ್ಟದೆ ಬೀಳುವ ನೀರು ತೋರಿಸಿ, "ಅದು ರಾಜ" ಎಂದೆ. 253 ಮೀಟರ್ ಎತ್ತರದಿಂದ ನೇರ ಧುಮುಕುವವನು. ಗೋಡೆ ಸವರಿಕೊಂಡು ಬಳುಕುತ್ತ ಇಳಿಯುವುದು ರಾಣಿ. ರೋರರ್, ರಾಕೆಟ್ ಸೇರಿ ಒಂದೇ ಶರಾವತಿ ನಾಲ್ಕು ಕವಲು. ಮೆಟ್ಟಿಲ ಮೇಲೆ ಹಾರಿ ಹಾರಿ ಬರುವ ನೀರು ದೂಧ್‌ಸಾಗರದ ಹಾಗೆ, ಹಂತ ಹಂತವಾಗಿ. ಅಗಲವಾಗಿ ಪರದೆಯಂತೆ ಬಿದ್ದರೆ ಅದು ಗೋಕಾಕ.

"ಅಲ್ಲೇ ಯಾಕೆ ಬೀಳತ್ತೆ?"

ಎಷ್ಟೋ ಕಡೆ ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆತ್ತನೆಯದು ಇರುತ್ತದೆ. ಕೆಳಗಿನದು ಸವೆದಾಗ ಮೇಲಿನದು ಆಧಾರ ತಪ್ಪಿ ಮುರಿಯುತ್ತದೆ, ಜಲಪಾತ ಹಿಂದೆ ಸರಿಯುತ್ತದೆ. ನಯಾಗರ ಸರಿಯುತ್ತಿರುವುದು ಹೀಗೆಯೇ. ನಮ್ಮ ಮುಂಬಯಿ ಪಕ್ಕದ ಘಟ್ಟಗಳೋ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರ ಹರಿದು ಆದವು. ಅದಕ್ಕೇ ಮೆಟ್ಟಿಲಿನಂತೆ ಕಾಣುತ್ತವೆ. ಡೆಕ್ಕನ್ ಟ್ರ್ಯಾಪ್ ಎಂಬಲ್ಲಿನ 'ಟ್ರ್ಯಾಪ್' ಕೂಡ ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದಲೇ ಬಂದದ್ದು.

ಕತ್ತಲಾಯಿತು. ಅಂಗಡಿಗಳ ದೀಪ ಹತ್ತಿದವು. ಆಗ ಮಾತು ನಾನೆಣಿಸದ ಕಡೆ ಹೊರಳಿತು.

ಅಪ್ಪಯ್ಯನ ಮನೆ, ತೋಟ ಲಿಂಗನಮಕ್ಕಿಯ ಹಿನ್ನೀರಲ್ಲಿ ಹೋದವು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಧುಮುಕಬೇಕಿದ್ದ ನೀರು ಕೊಳವೆಯಲ್ಲಿಳಿದು ಕರೆಂಟಾಯಿತು. ರಾಜ, ರಾಣಿ ಈಗ ಮಳೆಗಾಲದ ನೆಂಟರು. ಅಪ್ಪಯ್ಯ ಜೋಗ ನೋಡಲು ಬಂದ ನೆಂಟರನ್ನು ಬಸ್ ಹತ್ತಿಸುತ್ತಿದ್ದ, ತಾನು ಮಾತ್ರ ಹೋಗುತ್ತಿರಲಿಲ್ಲ.

ಮಗಳು ದೀಪ ನೋಡುತ್ತ ಕೇಳಿದಳು: "ಈ ಕರೆಂಟಿಗೂ ಯಾರದಾದ್ರೂ ಊರು ಮುಳುಗಿತ್ತಾ?"

ಮುಳುಗಿತ್ತು. ಮುಂಬಯಿಗೆ ಘಟ್ಟದ ನೀರಿನ ಕರೆಂಟು ಖೋಪೋಲಿಯಿಂದ 1915ರಲ್ಲೇ ಬಂತು. ಆಮೇಲೆ ಮುಳಶಿಯಲ್ಲಿ ಅಣೆಕಟ್ಟು. 1921ರಲ್ಲಿ ಅಲ್ಲಿನ ರೈತರು ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದರು. ಆದರೂ ಅಣೆಕಟ್ಟು ನಿಂತಿತು, ಊರುಗಳು ಹೋದವು. ಇಷ್ಟು ವರ್ಷ ಫೋರ್ಟಿನಲ್ಲಿ ದುಡಿದರೂ ಈ ದೀಪಗಳ ಕೆಳಗೆ ನಿಂತು ಇದನ್ನು ನಾನು ಯೋಚಿಸಿರಲಿಲ್ಲ. ಮುಳುಗಿದ್ದು ನಮ್ಮದೊಂದೇ ಮನೆ ಎಂಬಂತೆ ಬದುಕಿದ್ದೆ.

ಮಳೆ ಬಿಟ್ಟಿತು. "ಜೋಗ ಯಾವಾಗ ತೋರಿಸ್ತೀಯ?" ಅಂದಳು.

ಆಗಸ್ಟಿನಲ್ಲಿ ಜಲಪಾತಕ್ಕೆ ಹೋಗೋಣ ಎಂದೆ. ಮೇ ತಿಂಗಳಲ್ಲಿ ಇನ್ನೊಮ್ಮೆ, ಹಿನ್ನೀರು ಇಳಿದಾಗ, ಅಜ್ಜನ ಊರಿದ್ದ ದಡಕ್ಕೆ.