ಐವತ್ತಾರೋ ಐವತ್ತೇಳೋ

ಸಂಗೀತವನ್ನು ಅಂಕಿಗಳಲ್ಲಿ ಬರೆದಿಡಬಹುದು ಎಂದರೆ ಬೇರೆಯವರಿಗೆ ವಿಚಿತ್ರವೆನ್ನಿಸಬಹುದು. ಆಲೂರು ತಾಲ್ಲೂಕಿನ ನಮ್ಮ ಕುಂದೂರಿನ ಕಡೆ ಅದರಲ್ಲಿ ವಿಶೇಷವೇನೂ ಇಲ್ಲ. ನಾವು ಮಳೆಯನ್ನೇ ಅಂಕಿಯಲ್ಲಿ ಬರೆದಿಡುವ ಜನ. ಮಳೆಗಾಲದ ಬೆಳಿಗ್ಗೆ ಇಬ್ಬರು ಕಾಫಿ ಬೆಳೆಗಾರರು ಎದುರಾದರೆ ಮೊದಲು ಕೇಳುವುದು ಮನೆಮಂದಿಯ ಕ್ಷೇಮವನ್ನಲ್ಲ, 'ನಿಮ್ಮಲ್ಲಿ ಎಷ್ಟಾಯ್ತು?' ಎಂದು. 'ಒಂದಿಂಚು ಇಪ್ಪತ್ತು ಸೆಂಟು' ಎನ್ನುವುದು ಅದಕ್ಕೆ ಸಲ್ಲುವ ಉತ್ತರ. ನಮ್ಮ ತಂದೆ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು ಇಂದಿಗೂ ಅಡುಗೆಮನೆಯ ಅಟ್ಟದ ಮೇಲಿವೆ. ಆದರೆ ಅವನ್ನು ಎಷ್ಟು ಸಲ ತಿರುವಿ ಹಾಕಿದರೂ ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ಕೇಳುವುದಿಲ್ಲ. ಅದೇ ಅಟ್ಟದಲ್ಲಿ, ಒಲೆಯ ಹೊಗೆ ಕುಡಿಯುತ್ತ ಕುಳಿತಿದ್ದ ಇನ್ನೊಂದು ಪುಸ್ತಕದ ಅಂಕಿಗಳು ಮಾತ್ರ ಸುಮಾರು 40 ವರ್ಷಗಳ ಮೇಲೆ, ಕಳೆದ ಆಷಾಢದಲ್ಲಿ, ಬಾಯಿಬಿಟ್ಟು ಹಾಡಿದವು.

ಅದು ನನ್ನ ಹೈಸ್ಕೂಲಿನ ಗಣಿತದ ನೋಟ್‌ಬುಕ್ಕು. ಅದರಲ್ಲಿ ಹಾಡು ಹೇಗೆ ಬಂತು ಎನ್ನುವುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಆರಂಭಿಸಿ, ಮೊದಲ ಕಂತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಹಾಗೆ ಬಂದದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಯಾರಿಸಿದ ಬಿಬಿಸಿ ಮೈಕ್ರೋ. ಅದರ ಜ್ಞಾಪಕಶಕ್ತಿಯೆಲ್ಲ ಸೇರಿ 32 ಕಿಲೋಬೈಟು. ಈಗ ನಾವು ಫೋನಿನಲ್ಲಿ ತೆಗೆಯುವ ಒಂದು ಕಾಫಿ ಹೂವಿನ ಚಿತ್ರಕ್ಕೆ ಅದರ ನೂರು ಪಟ್ಟು ಜಾಗ ಬೇಕು. ನಾನು ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ಶಾಲೆಗೂ ಎರಡು ಬಂದವು. ಅವನ್ನಿಟ್ಟ ಕೋಣೆಗೆ ಪರದೆ ಕಟ್ಟಿದರು. ದೇವರ ಮನೆಗೆ ಹೋಗುವಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಕೀಲಿಕೈ ಗಣಿತದ ಮೇಷ್ಟ್ರ ಜೇಬಿನಲ್ಲಿ.

ಮೇಷ್ಟ್ರು ಪಿಟೀಲು ನುಡಿಸುತ್ತಿದ್ದರು. ಸರ್ಕಾರ ಮಕ್ಕಳಿಗೆ ಲೆಕ್ಕ ಕಲಿಸಲೆಂದು ಕಳಿಸಿದ ಯಂತ್ರದ ಕೈಪಿಡಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು 'ಸೌಂಡ್' ಎಂಬ ಆಜ್ಞೆ. ಆ ಪದದ ಮುಂದೆ ನಾಲ್ಕು ಅಂಕಿ ಬರೆಯಬೇಕು. ಮೊದಲನೆಯದು ಯಾವ ಧ್ವನಿ ಎಂದು. ಯಂತ್ರದೊಳಗಿನ ಚಿಪ್ಪಿಗೆ ಹಾಡಲು ಮೂರು ಕಂಠ, ಸುಮ್ಮನೆ ಬುಸುಗುಟ್ಟಲು ಒಂದು. ಎರಡನೆಯದು ಎಷ್ಟು ಜೋರು ಎಂದು. ಮೂರನೆಯದು ಸ್ವರ. ನಾಲ್ಕನೆಯದು ಕಾಲ, ಒಂದು ಸೆಕೆಂಡಿನ 20ನೇ ಒಂದು ಭಾಗದ ಲೆಕ್ಕದಲ್ಲಿ. 'ಸೌಂಡ್ 1, -15, 53, 10' ಎಂದು ಬರೆದರೆ ಮೊದಲ ಕಂಠ, ಪೂರ್ತಿ ಜೋರಾಗಿ, ಮಧ್ಯಸ್ಥಾಯಿಯ ಷಡ್ಜವನ್ನು ಅರ್ಧ ಸೆಕೆಂಡು ಹಿಡಿಯುತ್ತದೆ.

ಇಲ್ಲಿ ಮೇಷ್ಟ್ರಿಗೆ ಖುಷಿ ಕೊಟ್ಟ ಸಂಗತಿಯೊಂದಿತ್ತು. ಹಾರ್ಮೋನಿಯಂನ ಸ್ಥಾಯಿಯಲ್ಲಿ ಇರುವುದು 12 ಮನೆ. ಈ ಯಂತ್ರದಲ್ಲಿ ಒಂದೊಂದು ಮನೆಯನ್ನೂ ಮತ್ತೆ ನಾಲ್ಕು ಭಾಗ ಮಾಡಿ, ಸ್ಥಾಯಿಗೆ 48 ಮೆಟ್ಟಿಲು ಮಾಡಿದ್ದರು. 'ನಮ್ಮೋರು 22 ಶ್ರುತಿ ಅಂತ ಶತಮಾನಗಟ್ಟಲೆ ಜಗಳ ಆಡಿದ್ರು. ಇವನು ನೋಡ್ರೋ, 48 ಕೊಟ್ಟು ಸುಮ್ಮನೆ ಕೂತಿದಾನೆ' ಎಂದು ನಗುತ್ತಿದ್ದರು.

ಅವರು ಆರಿಸಿಕೊಂಡದ್ದು ಸಂಗೀತ ಕಲಿಯಲು ಕೂತವರಿಗೆಲ್ಲ ಮೊದಮೊದಲು ಹೇಳಿಕೊಡುವ, ಮಲಹರಿ ರಾಗದಲ್ಲಿರುವ ಪುರಂದರದಾಸರ ಪಿಳ್ಳಾರಿ ಗೀತೆಯನ್ನು. ಷಡ್ಜ 53, ಶುದ್ಧ ರಿಷಭ 57, ಅಂತರ ಗಾಂಧಾರ 69, ಮಧ್ಯಮ 73, ಪಂಚಮ 81, ಧೈವತ 85, ತಾರಷಡ್ಜ 101. ಎರಡನೆಯ ಕಂಠಕ್ಕೆ ಷಡ್ಜ, ಮೂರನೆಯದಕ್ಕೆ ಮಂದ್ರ ಪಂಚಮ ಕೊಟ್ಟು, ಕಾಲದ ಜಾಗದಲ್ಲಿ -1 ಎಂದು ಬರೆದರು. ಹಾಗೆ ಬರೆದರೆ ಆ ಸ್ವರ ಎಸ್ಕೇಪ್ ಗುಂಡಿ ಒತ್ತುವವರೆಗೂ ನಿಲ್ಲುವುದಿಲ್ಲ. ಶ್ರುತಿ ಹಿಡಿದು ಕೂತ ಶಿಷ್ಯನಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಇನ್ನೊಂದು ತೊಡಕಿತ್ತು. ಒಂದೇ ಸ್ವರ ಎರಡು ಸಲ ಒತ್ತಟ್ಟಿಗೆ ಬಂದರೆ ಯಂತ್ರ ಎರಡನ್ನೂ ಅಂಟಿಸಿ ಒಂದೇ ಉದ್ದ ಸ್ವರ ಮಾಡಿಬಿಡುತ್ತಿತ್ತು. ಅದಕ್ಕೆ ಮೇಷ್ಟ್ರು ನಡುವೆ, ಜೋರಿನ ಜಾಗದಲ್ಲಿ ಸೊನ್ನೆ ಹಾಕಿ, ಸೆಕೆಂಡಿನ 20ನೇ ಒಂದು ಭಾಗದ ಸಾಲು ಸೇರಿಸುತ್ತಿದ್ದರು. ಮೌನವನ್ನೂ ಬರೆದೇ ಹೇಳಬೇಕು ಎಂದು ನಾನು ಕಲಿತದ್ದು ಆಗ.

ಬರೆದ ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ತುಂಬಿಸಿದೆವು. ಜೊತೆಗೆ ಮೇಷ್ಟ್ರು ನನ್ನ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎಲ್ಲ ಸಾಲುಗಳನ್ನೂ ನೀಲಿ ಶಾಯಿಯಲ್ಲಿ ತಾವೇ ಬರೆದುಕೊಟ್ಟರು. 'ಕ್ಯಾಸೆಟ್ಟನ್ನ ನಂಬಬೇಡ ಕಣೋ, ನಿಮ್ಮೂರಿನ ಮಳೆಗೆ ಅದು ತಡೆಯಲ್ಲ' ಎಂದಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ ಆಷಾಢದಲ್ಲಿ ಊರಿಗೆ ಬಂದಿದ್ದ. ಮೂರು ದಿನದಿಂದ ಜಡಿಮಳೆ, ಕರೆಂಟು ಬಂದಷ್ಟೇ ಬೇಗ ಹೋಗುತ್ತಿತ್ತು. ಮಾಡಲು ಕೆಲಸವಿಲ್ಲದೆ ಅಟ್ಟ ಹತ್ತಿದವನ ಕೈಗೆ ನೋಟ್‌ಬುಕ್ಕು ಸಿಕ್ಕಿತು. 'ಚಿಕ್ಕಪ್ಪ, ಇದನ್ನ ಈಗಲೂ ನುಡಿಸಬಹುದು' ಎಂದ. ಆ ಯಂತ್ರವನ್ನು ಎಲ್ಲಿಂದ ತರುತ್ತೀಯೋ ಎಂದೆ. 'ಯಂತ್ರ ಬೇಡ, ಎಮ್ಯುಲೇಟರ್ ಸಾಕು.'

ಎಮ್ಯುಲೇಟರ್ ಎಂದರೆ ಏನೆಂದು ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಅದೊಂದು ವೇಷ. ಇಂದಿನ ಕಂಪ್ಯೂಟರ್ ಅಂದಿನ ಕಂಪ್ಯೂಟರಿನ ವೇಷ ಕಟ್ಟಿ ಅದರ ಹಾಗೆಯೇ ನಡೆದು ತೋರಿಸುವುದು. ಬಿಬಿಸಿ ಮೈಕ್ರೋದ ವೇಷಕ್ಕೆ ಬೀಬ್‌ಎಮ್ ಎಂಬುದೊಂದಿದೆ. ಡೇವ್ ಗಿಲ್ಬರ್ಟ್ ಎಂಬುವರು 1994ರಲ್ಲೇ ಅದನ್ನು ಬರೆದಿದ್ದರು. ಅದರೊಳಗೆ ಯಾವ ಹಾಡಿನ ಧ್ವನಿಮುದ್ರಣವೂ ಇಲ್ಲ. ಹಳೆಯ ಚಿಪ್ಪು ಹೇಗೆ ಲೆಕ್ಕ ಮಾಡುತ್ತಿತ್ತೋ ಹಾಗೆಯೇ ಲೆಕ್ಕ ಮಾಡಿ ಸ್ವರ ಹೊರಡಿಸುತ್ತದೆ. ಆ ಚಿಪ್ಪಿಗೆ ಸೆಕೆಂಡಿಗೆ 40 ಲಕ್ಷ ಮಿಡಿತ. ಅದನ್ನು 32ರಿಂದ ಭಾಗಿಸಿ, ಬಂದ 1,25,000ವನ್ನು ಮತ್ತೊಂದು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಸ್ವರ. 478ರಿಂದ ಭಾಗಿಸಿದರೆ ಸೆಕೆಂಡಿಗೆ 261.5 ಕಂಪನ, ಅಂದರೆ ನಮ್ಮ ಷಡ್ಜ. ಭಿನ್ನರಾಶಿಗೆ ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಸ್ಥಾಯಿ ಮೇಲೇರಿದಷ್ಟೂ ಸ್ವರ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಪ್ರಾಮಾಣಿಕ ಎಮ್ಯುಲೇಟರ್ ಆ ಕೂದಲೆಳೆಯನ್ನೂ ಬಿಡಬಾರದು.

ಹುಡುಗ ಸಾಲು ಸಾಲಾಗಿ ಟೈಪು ಮಾಡುತ್ತ ಹೋದವನು ಒಂದು ಕಡೆ ನಿಂತ. 'ಇಲ್ಲಿ ತಪ್ಪಿದೆ ಚಿಕ್ಕಪ್ಪ. ರಿಷಭ 57 ಅಂದ್ರಲ್ಲ, ಇಲ್ಲಿ 56 ಅಂತಿದೆ. ಸರಿ ಮಾಡ್ತೀನಿ.'

ತಡಿ ಎಂದೆ. ನೋಡಿದರೆ ಮುಂದಿನ ಪುಟದಲ್ಲೂ ಒಂದು 56, ಅದರಾಚೆ ಇನ್ನೊಂದು. ಕೆಲವು ಕಡೆ 57 ಕೂಡ ಇದೆ. ಕ್ಯಾಸೆಟ್ಟು ಕೇಳಿದರೆ ಗೊತ್ತಾಗಬಹುದೆಂದು ಅದನ್ನೂ ಹುಡುಕಿ ತೆಗೆದೆವು. ಬಿಬಿಸಿ ಮೈಕ್ರೋ ಕ್ಯಾಸೆಟ್ಟಿಗೆ ಬರೆಯುತ್ತಿದ್ದುದು 1200 ಮತ್ತು 2400 ಕಂಪನಗಳ ಎರಡೇ ಸ್ವರಗಳಲ್ಲಿ, 256 ಬೈಟುಗಳ ಕಟ್ಟು ಕಟ್ಟಾಗಿ. ಮೊದಲ ಕಟ್ಟು ಬಂತು. ಶ್ರುತಿಯ ಸಾಲೂ ಸೇರಿ ಹತ್ತು ಹನ್ನೆರಡು ಸಾಲು. ಎರಡನೆಯದಕ್ಕೆ ಪರದೆಯ ಮೇಲೆ 'ಡೇಟಾ?' ಎಂದು ಪ್ರಶ್ನೆ ಬಿತ್ತು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಮೇಷ್ಟ್ರು ಹೇಳಿದಂತೆಯೇ ಆಗಿತ್ತು. ಹೊಗೆ ಹಿಡಿದ ಕಾಗದವೊಂದೇ ಸಾಕ್ಷಿಗೆ ಉಳಿಯಿತು.

'ಹೋಗ್ಲಿ ಬಿಡಿ, 57 ಹಾಕಿಬಿಡೋಣ. ಹಾಗೇ ಈ ಕೀಚಲು ದನಿ ತೆಗೆದು ವೀಣೆ ದನಿ ಹಾಕ್ತೀನಿ, ಕೇಳೋಕೆ ಚೆನ್ನಾಗಿರುತ್ತೆ' ಎಂದ ಹುಡುಗ. ಅವನ ಮಾತು ಸುಳ್ಳಲ್ಲ. ಚೆನ್ನಾಗಿಯೇ ಇರುತ್ತಿತ್ತು. ಆದರೆ ಅದು ಮೇಷ್ಟ್ರದ್ದಾಗಿ ಉಳಿಯುತ್ತಿತ್ತೇ? ಹಳೆಯ ಯಂತ್ರಗಳ ಹಾಡನ್ನು ಕಾಪಾಡಲು ಹೊರಟ ಎಲ್ಲರಿಗೂ ಎದುರಾದ ಪ್ರಶ್ನೆ ಇದು. ಅದರ ದೊಡ್ಡ ಉದಾಹರಣೆಯನ್ನು ಆ ರಾತ್ರಿ ಹುಡುಗನೇ ನನಗೆ ಹೇಳಿದ.

1982ರಲ್ಲಿ ಅಮೆರಿಕದಲ್ಲಿ ಕಮೊಡೋರ್ 64 ಎಂಬ ಮನೆ ಕಂಪ್ಯೂಟರ್ ಬಂತು. ಅದಕ್ಕೆಂದು ರಾಬರ್ಟ್ ಯಾನೆಸ್ ಎಂಬ ಎಂಜಿನಿಯರ್ ಮಾಡಿದ 'ಸಿಡ್' ಎಂಬ ಚಿಪ್ಪಿಗೂ ಕಂಠ ಮೂರೇ. ಇಂಗ್ಲೆಂಡಿನ ರಾಬ್ ಹಬ್ಬಾರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಆಟಗಳಿಗಾಗಿ ಅದರಲ್ಲಿ ಸಂಗೀತ ಕಟ್ಟಿದರು. ಆ ಚಿಪ್ಪಿನಲ್ಲೊಂದು ಕೊರೆ ಇತ್ತು: ಜೋರನ್ನು ಥಟ್ಟನೆ ಏರಿಸಿ ಇಳಿಸಿದರೆ 'ಟಕ್' ಎನ್ನುತ್ತಿತ್ತು. ಸಂಗೀತಗಾರರು ಅದನ್ನೇ ಹಿಡಿದುಕೊಂಡು, ಆ ಟಕ್ಕುಗಳನ್ನು ಸೆಕೆಂಡಿಗೆ ಸಾವಿರಾರು ಪೋಣಿಸಿ ಡೋಲಿನ ಪೆಟ್ಟು, ಮನುಷ್ಯರ ಮಾತು ಹೊರಡಿಸಿದರು. ಮುಂದೆ ಕಂಪನಿ ಚಿಪ್ಪನ್ನು ಸುಧಾರಿಸಿತು. ಕೊರೆ ಹೋಯಿತು, ಜೊತೆಗೆ ಆ ಡೋಲೂ ಪಿಸುಗುಟ್ಟತೊಡಗಿತು. ಅಮಿಗಾ ಕಂಪ್ಯೂಟರಿಗೆ ಬಂದ ಪ್ಲೇಸಿಡ್‌ನಿಂದ ಮೊದಲಾಗಿ ಇಂಥ ಎಮ್ಯುಲೇಟರುಗಳನ್ನು ಬರೆದವರು ಆ ಚಿಪ್ಪಿನ ಗುಣದ ಜೊತೆ ಅವಗುಣವನ್ನೂ ಅಭ್ಯಾಸ ಮಾಡಬೇಕಾಯಿತು. ಇನ್ನೂ ತಮಾಷೆಯೆಂದರೆ ಮೊದಲ ಕಾಲದ ಎರಡು ಸಿಡ್ ಚಿಪ್ಪುಗಳು ಒಂದೇ ತೆರನಾಗಿ ಹಾಡುತ್ತಿರಲಿಲ್ಲ. ಹಾಗಾದರೆ ಯಾವುದರ ವೇಷ ಕಟ್ಟುವುದು? ಇಂದು 'ಹೈ ವೋಲ್ಟೇಜ್ ಸಿಡ್ ಕಲೆಕ್ಷನ್' ಎಂಬ ಭಂಡಾರದಲ್ಲಿ 50,000ಕ್ಕೂ ಹೆಚ್ಚು ಕೃತಿಗಳಿವೆ. ಒಂದೊಂದೂ ಕೆಲವೇ ಕಿಲೋಬೈಟು. ಏಕೆಂದರೆ ಅಲ್ಲಿ ಕಟ್ಟಿಟ್ಟಿರುವುದು ಸದ್ದಲ್ಲ, ಸದ್ದು ಮಾಡುವ ಕ್ರಮ. ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಹೊಸದಾಗಿ ನುಡಿಸಬೇಕು.

ಬೆಳಿಗ್ಗೆ ನ್ಯಾಯ ಅತ್ತೆಯ ಮುಂದೆ ಹೋಯಿತು. ನಮ್ಮ ಸೋದರತ್ತೆಗೆ 84 ವರ್ಷ. ಈಗಲೂ ನಸುಕಿಗೆ ಎದ್ದು ಹಾಡುತ್ತಾರೆ. ಲ್ಯಾಪ್‌ಟಾಪಿನಿಂದ ಗೀತೆ ಹೊರಟ ಕೂಡಲೇ ಮುಖ ಸಿಂಡರಿಸಿ, 'ಇದೇನೋ, ಜೀರುಂಡೆ ಹಿಡಿದು ಡಬ್ಬಿಗೆ ಹಾಕಿದ ಹಾಗಿದೆ' ಎಂದರು. ಹುಡುಗ ಬಿಡಲಿಲ್ಲ: 'ಅಜ್ಜಿ, ನೀವು ಬೆಳಿಗ್ಗೆ ಫೋನಲ್ಲಿ ತಂಬೂರಿ ಹಾಕ್ಕೊಂಡು ಹಾಡೋದಿಲ್ವಾ? ಅದೂ ವೇಷಾನೇ.' ಅತ್ತೆ ನಕ್ಕರು. ಮಾತು ನಿಜ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್, ಕೊಳಲು ನುಡಿಸುವ ಎಂಜಿನಿಯರ್, ವಿದ್ಯುನ್ಮಾನ ತಂಬೂರಿ ಮಾಡಿದಾಗ ತಂಬೂರಿ ಪೆಟ್ಟಿಗೆಯ ವೇಷ ಕಟ್ಟಿತು. ಈಗ ಆ ಪೆಟ್ಟಿಗೆಯೂ ಫೋನಿನ ವೇಷ ಕಟ್ಟಿದೆ. ಬುರುಡೆಯಿಲ್ಲ, ತಂತಿಯಿಲ್ಲ, ಆದರೂ ಶ್ರುತಿ ಸೇರುತ್ತದೆ.

'ಇನ್ನೊಂದ್ಸಲ ಹಾಕು' ಎಂದರು ಅತ್ತೆ. ನಾವು 56ರ ವಿಷಯ ಅವರಿಗೆ ಹೇಳಿರಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

'ಜೀರುಂಡೆಗೆ ಪಾಠ ಹೇಳಿದೋರು ಯಾರೋ, ಕಿವಿ ಇರೋರು. ಇಳಿಯುವಾಗ ರಿಷಭಾನ ಷಡ್ಜದ ಕಡೆ ಒಂಚೂರು ಒರಗಿಸಿದಾರೆ.'

ಹುಡುಗ ನೋಟ್‌ಬುಕ್ಕು ಎಳೆದುಕೊಂಡು ಒಂದೊಂದೇ ಸಾಲು ನೋಡಿದ. ಷಡ್ಜದಿಂದ ಮಧ್ಯಮಕ್ಕೆ ಏರುವಲ್ಲೆಲ್ಲ 57. ಗಾಂಧಾರದಿಂದ ಷಡ್ಜಕ್ಕೆ ಇಳಿಯುವಲ್ಲೆಲ್ಲ 56. ಒಂದು ಕಡೆಯೂ ತಪ್ಪಿರಲಿಲ್ಲ. ಪಿಟೀಲಿನ ಮೇಲೆ ಬೆರಳು ತಾನಾಗಿ ಮಾಡುವ ಕೆಲಸಕ್ಕೆ ಮೇಷ್ಟ್ರು ಅಂಕಿಯೊಂದನ್ನು ಹುಡುಕಿದ್ದರು. ಅವರ ಪಿಟೀಲನ್ನು ಯಾರೂ ಧ್ವನಿಮುದ್ರಣ ಮಾಡಿಕೊಂಡಿರಲಿಲ್ಲ. ಅವರ ಕೈಯ ನಡೆಯಲ್ಲಿ ಈ ಲೋಕದಲ್ಲಿ ಉಳಿದಿರುವುದು ಇಷ್ಟೇ: ಒಂದು ಮೆಟ್ಟಿಲಿನ ವ್ಯತ್ಯಾಸ. 57 ಎಂದು ತಿದ್ದಿದ್ದರೆ ಅದೂ ಹೋಗುತ್ತಿತ್ತು, ಹೋದದ್ದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ವೀಣೆಯ ದನಿ ಹಾಕುವ ಮಾತನ್ನು ಹುಡುಗ ಮತ್ತೆ ಎತ್ತಲಿಲ್ಲ. ಊರಿಗೆ ಹೊರಡುವ ಮುನ್ನ, 'ನನ್ನ ಹಾಗೆ ಇನ್ನೊಬ್ಬ ಬಂದು ತಿದ್ದಬಾರದಲ್ಲ' ಎಂದು ಪ್ರೋಗ್ರಾಮಿನ ಮೊದಲಿಗೆ ಸಾಲೊಂದನ್ನು ಸೇರಿಸಿದ. ಬೇಸಿಕ್ ಭಾಷೆಯಲ್ಲಿ 'ರೆಮ್' ಎಂದು ಶುರುವಾಗುವ ಸಾಲನ್ನು ಯಂತ್ರ ಓದದೆ ದಾಟಿಹೋಗುತ್ತದೆ. ಅದು ಮುಂದೆ ಓದುವ ಮನುಷ್ಯರಿಗಾಗಿ ಇರುವ ಸಾಲು. ಬಿಬಿಸಿ ಮೈಕ್ರೋಗೆ ಕನ್ನಡ ಲಿಪಿ ಬಾರದು, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದ: 'ರೆಮ್, ಇಳಿಯುವಾಗ 56. ತಪ್ಪಲ್ಲ. ಮೇಷ್ಟ್ರದ್ದು.'