ತೆರಿಗೆಯ ಲೆಕ್ಕ, ದಾಸೋಹದ ಲೆಕ್ಕ



ಬಸವಾದಿ ಶರಣರು ಬದುಕಿನಿಂದ ಲೆಕ್ಕವನ್ನು ಹೊರಗಿಟ್ಟವರಲ್ಲ. ಕಾಯಕದಿಂದ ಬಂದದ್ದೆಷ್ಟು, ಮನೆಗೆ ಬೇಕಾದದ್ದೆಷ್ಟು ಎಂಬ ಅರಿವು ಅವರ ಸಾಧನೆಯ ಒಂದು ಅಂಗವೇ ಆಗಿತ್ತು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಪ್ರವಚನಗಳಲ್ಲಿ ಅದನ್ನು ಎಷ್ಟೋ ಬಾರಿ ಕೇಳಿದ್ದ ನನಗೆ ಅದು ನನ್ನ ಮನೆಯ ಮಾತಾಗಿ ತಟ್ಟಿದ್ದು, ಆದಾಯ ತೆರಿಗೆಯ ಲೆಕ್ಕ ಹಾಕಲು ಗಣಕಯಂತ್ರದ ಮುಂದೆ ಕುಳಿತ ಒಂದು ರಾತ್ರಿ.

2026ರ ಜನವರಿ ತಿಂಗಳು. 2025–26ನೆಯ ಆರ್ಥಿಕ ವರ್ಷದ ತೆರಿಗೆ ಎಷ್ಟಾದೀತೆಂದು ಅಂದಾಜಿಸಲು ಒಂದು ಎಕ್ಸೆಲ್ ಹಾಳೆಯನ್ನು ತೆರೆದೆ. ಉಪನ್ಯಾಸಕನಾದ ನನಗೆ ವರ್ಷದ ವೇತನ 14,40,000 ರೂಪಾಯಿ. ಬ್ಯಾಂಕಿನ ಠೇವಣಿಯ ಬಡ್ಡಿ 60,000. ಒಟ್ಟು 15 ಲಕ್ಷ. ಒಂದು ಕಾಲಮ್ಮಿನಲ್ಲಿ ಹಳೆಯ ತೆರಿಗೆ ಪದ್ಧತಿ, ಮತ್ತೊಂದರಲ್ಲಿ ಹೊಸದು.

ಹೊಸ ಪದ್ಧತಿಯಲ್ಲಿ ವೇತನದಾರರಿಗೆ 75,000 ರೂಪಾಯಿಗಳ ಪ್ರಮಾಣಿತ ಕಡಿತ, ಉಳಿದದ್ದು 14,25,000. ಇಡೀ ಮೊತ್ತಕ್ಕೆ ಒಂದೇ ದರವೆಂದು ಅನೇಕರು ಭಾವಿಸುತ್ತಾರೆ, ಅದು ಸರಿಯಲ್ಲ. ಒಂದೊಂದು ಹಂತಕ್ಕೂ ಬೇರೆ ದರವಿರುವುದರಿಂದ ಹಾಳೆಯಲ್ಲಿ ಒಂದೊಂದು ಹಂತಕ್ಕೂ ಒಂದು ಸಾಲು ಬೇಕು. ಆ ವರ್ಷ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000, ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000, ಉಳಿದ 2,25,000ಕ್ಕೆ ಶೇ. 15ರಂತೆ 33,750. ಇವುಗಳ ಮೇಲೆ ಶೇ. 4ರ ಸೆಸ್ ಸೇರಿ ಒಟ್ಟು 97,500 ರೂಪಾಯಿ.

ಇಲ್ಲಿಯೇ ಮೊದಲ ಪಾಠವಾಯಿತು. ಬಡ್ಡಿಯ ಮೇಲೆ ಬ್ಯಾಂಕಿನವರು ಶೇ. 10ರಂತೆ 6,000 ರೂಪಾಯಿ ಟಿಡಿಎಸ್ ಹಿಡಿದಿದ್ದರಿಂದ ಅಲ್ಲಿಗೆ ನನ್ನ ಋಣ ತೀರಿತೆಂದು ತಿಳಿದಿದ್ದೆ. ಆದರೆ ನನ್ನ ಹಂತದಲ್ಲಿ ಆ ಬಡ್ಡಿಗೆ ಸಲ್ಲಬೇಕಾದದ್ದು ಸೆಸ್ ಸೇರಿ 9,360. ವೇತನದಲ್ಲಿ ವರ್ಷಕ್ಕೆ ಕಡಿತವಾಗುವ 88,140ನ್ನೂ ಕೂಡಿಸಿದರೆ ಇನ್ನೂ 3,360 ಬಾಕಿ. ಬಾಕಿ 10,000ಕ್ಕಿಂತ ಕಡಿಮೆಯಿದ್ದುದರಿಂದ ಮುಂಗಡ ತೆರಿಗೆಯ ಕಟ್ಟುಪಾಡಿಲ್ಲ. ರಿಟರ್ನ್ ಸಲ್ಲಿಸುವ ಮುನ್ನ ಕಟ್ಟಿದರಾಯಿತು. ಯಾರೋ ಒಂದಿಷ್ಟು ಹಿಡಿದುಕೊಂಡ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು.

ಬಳಿಕ ಹಳೆಯ ಪದ್ಧತಿಯ ಕಾಲಮ್ಮನ್ನು ತುಂಬಿದೆ. ಪ್ರಮಾಣಿತ ಕಡಿತ 50,000, ವೃತ್ತಿ ತೆರಿಗೆ 2,500, ಭವಿಷ್ಯನಿಧಿ ಮುಂತಾದ ಉಳಿತಾಯ 1,50,000, ಆರೋಗ್ಯ ವಿಮೆಯ ಕಂತು 25,000. ಕೊನೆಯದಾಗಿ 80ಜಿ ಕಲಮಿನ ದೇಣಿಗೆ. ಬಡ ಮಕ್ಕಳ ವಿದ್ಯಾರ್ಥಿ ನಿಲಯವೊಂದರ ಅನ್ನದಾಸೋಹಕ್ಕೆ ನಾವು ತಿಂಗಳಿಗೆ 2,000ದಂತೆ ವರ್ಷಕ್ಕೆ 24,000 ಕಳುಹಿಸುತ್ತ ಬಂದಿದ್ದೇವೆ. ಅದರ ಅರ್ಧ, ಅಂದರೆ 12,000ಕ್ಕೆ ವಿನಾಯಿತಿ. ಎಲ್ಲ ಕಳೆದ ಮೇಲೂ ತೆರಿಗೆ 1,98,276 ಆಯಿತು. ಹೊಸ ಪದ್ಧತಿಯಿಂದ ನನಗೆ 1,00,776 ರೂಪಾಯಿಗಳ ಉಳಿತಾಯ. ಆಯ್ಕೆ ಸ್ಪಷ್ಟವಾಗಿತ್ತು.

ಆದರೆ ಹೊಸ ಪದ್ಧತಿಯಲ್ಲಿ ನಮ್ಮಂಥವರಿಗೆ 80ಜಿ ವಿನಾಯಿತಿ ಇಲ್ಲ. ಆ ಚೌಕದಲ್ಲಿ ಸೊನ್ನೆ ಬರೆದ ಕೂಡಲೇ ಮನಸ್ಸಿನಲ್ಲಿ ಒಂದು ಕ್ಷುದ್ರ ಆಲೋಚನೆ ಸುಳಿಯಿತು: ‘ರಸೀದಿಗೆ ಬೆಲೆಯೇ ಇಲ್ಲವೆಂದ ಮೇಲೆ ಅಷ್ಟೇ ಹಣ ಕಳುಹಿಸಬೇಕೇ? ಈ ತಿಂಗಳಿನಿಂದ ಅರ್ಧ ಮಾಡಿದರಾಗದೇ?’ ಬರೆಯಲು ನಾಚಿಕೆಯಾಗುತ್ತದೆ, ಆದರೂ ಸತ್ಯವನ್ನು ಮುಚ್ಚಿಡಲಾರೆ. ಅದನ್ನೇ ನನ್ನ ಧರ್ಮಪತ್ನಿಗೆ ಹೇಳಿದೆ.

ಆಕೆ ಹಾಳೆಯನ್ನು ನೋಡಲೂ ಇಲ್ಲ. “ಅಲ್ರೀ, ಆ ಹುಡುಗರು ಉಣ್ಣೂದು ಯಾವ ಪದ್ಧತಿಯೊಳಗ? ಹಳೇದರಾಗೋ, ಹೊಸಾದರಾಗೋ?” ಎಂದಷ್ಟೇ ಕೇಳಿದರು.

ನಾನು ನಿರುತ್ತರನಾದೆ. ಆಮೇಲೆ, ಆ ದೇಣಿಗೆಯಿಂದ ಹಳೆಯ ಪದ್ಧತಿಯಲ್ಲಿ ನನಗೆ ನಿಜವಾಗಿ ಎಷ್ಟು ಉಳಿಯುತ್ತಿತ್ತೆಂದು ಲೆಕ್ಕ ಹಾಕಿದೆ. 12,000ಕ್ಕೆ ಶೇ. 30, ಅದಕ್ಕೆ ಸೆಸ್: 3,744 ರೂಪಾಯಿ. ಒಂದು ಲಕ್ಷಕ್ಕೂ ಮಿಗಿಲಾಗಿ ಉಳಿದ ದಿನವೇ ಈ ಮನಸ್ಸು 3,744 ರೂಪಾಯಿಗಾಗಿ ಮಕ್ಕಳ ತಟ್ಟೆಯಿಂದ 12,000 ರೂಪಾಯಿಗಳ ಅನ್ನವನ್ನು ತೆಗೆಯಲು ಹೊರಟಿತ್ತು! ಲಕ್ಕಮ್ಮನವರು ಮರಳಿ ಸುರಿಯಲು ಹೇಳಿದ್ದು ಬರಿಯ ಅಕ್ಕಿಯನ್ನಲ್ಲ, ಮನದ ಆಸೆಯನ್ನು ಎಂಬುದು ನನಗಾಗ ಮನವರಿಕೆಯಾಯಿತು.

ವಿನಾಯಿತಿ ಪಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಾನೂನು ಕೊಟ್ಟದ್ದನ್ನು ಪಡೆಯುವುದು ನ್ಯಾಯವೇ. ಆದರೆ ವಿನಾಯಿತಿ ಹೋದೊಡನೆ ಕೊಡುವ ಕೈಯೂ ಹಿಂದಕ್ಕೆ ಸರಿದರೆ, ಕೊಟ್ಟದ್ದು ದಾಸೋಹವಾಗಿರಲಿಲ್ಲ, ವ್ಯವಹಾರವಾಗಿತ್ತು ಎಂದೇ ಅರ್ಥ. ನಾನು ಕೊಟ್ಟೆನೆಂಬ ಭಾವವೇ ದಾಸೋಹದಲ್ಲಿ ಸಲ್ಲದೆಂದ ಮೇಲೆ, ಕೊಟ್ಟದ್ದರಿಂದ ನನಗೆ ಬಂದದ್ದೇನೆಂಬ ಎಣಿಕೆಗೆ ಅಲ್ಲಿ ಸ್ಥಾನವೆಲ್ಲಿ?

ಆ ರಾತ್ರಿಯೇ ತಿಂಗಳ ಹಣವನ್ನು ಕಳುಹಿಸಿದೆ. ಹಾಳೆಯಲ್ಲಿ 80ಜಿ ಸಾಲನ್ನು ಅಳಿಸಿ, ಕೆಳಗೆ ‘ದಾಸೋಹ – 24,000’ ಎಂದು ಬೇರೊಂದು ಚೌಕದಲ್ಲಿ ಬರೆದಿಟ್ಟಿದ್ದೇನೆ. ಯಾವ ಸೂತ್ರಕ್ಕೂ ಅದರ ಸಂಬಂಧವಿಲ್ಲ. ಅದನ್ನು ಬದಲಾಯಿಸಿದರೆ ಮೇಲಿನ ಯಾವ ಅಂಕಿಯೂ ಬದಲಾಗದು. ಬದಲಾಗುವುದು ಆ ಮಕ್ಕಳ ಊಟ ಮಾತ್ರ.

ತಾವೂ ತೆರಿಗೆಯ ಲೆಕ್ಕಕ್ಕೆ ಕುಳಿತಾಗ ಬಡ್ಡಿಯ ಸಾಲನ್ನು ಬಿಡದೆ ಬರೆಯಿರಿ, ಸಲ್ಲಬೇಕಾದದ್ದನ್ನು ಸಕಾಲಕ್ಕೆ ಸಲ್ಲಿಸಿರಿ. ಹಾಗೆಯೇ, ಸೂತ್ರಕ್ಕೆ ಸಿಗದ ಒಂದು ಚೌಕವನ್ನೂ ಇಟ್ಟುಕೊಳ್ಳಿರಿ.